ಸೇವಾ ಕ್ಲಬ್ಬಿನ ದೋಸೆ ಮೇಳ: 500 ಕೂಪನ್, 1000 ದೋಸೆ, ಒಂದು ಶಾಲೆಯ ನೋಟ್‌ಬುಕ್

ಲಯನ್ಸ್ ಇರಲಿ, ರೋಟರಿ ಇರಲಿ, ಊರಿನವರೇ ಕಟ್ಟಿಕೊಂಡ ಸೇವಾ ಸಂಘವಿರಲಿ, ಕೈ ಜೋಡಿಸುವ ಮೂವತ್ತು ಜನರಿದ್ದರೆ ಒಂದು ಭಾನುವಾರ ಬೆಳಗ್ಗೆ ದೋಸೆ ಮೇಳ ನಡೆಸಿ ಸರ್ಕಾರಿ ಶಾಲೆಯೊಂದರ ಮಕ್ಕಳಿಗೆ ವರ್ಷದ ನೋಟ್‌ಬುಕ್ ಕೊಡಿಸಬಹುದು. ಆರ್ಕೆಸ್ಟ್ರಾ, ನಾಟಕಗಳಿಗಿಂತ ಇದರಲ್ಲಿ ನಷ್ಟದ ಭಯ ಕಡಿಮೆ. ಕೂಪನ್ ಮೊದಲೇ ಮಾರಿರುತ್ತೇವೆ, ಅಕ್ಕಿ ಎಷ್ಟು ನೆನೆಹಾಕಬೇಕೆಂಬುದು ಶುಕ್ರವಾರವೇ ಗೊತ್ತಾಗುತ್ತದೆ.

ಉದ್ದೇಶ ಮೊದಲು ಗಟ್ಟಿಯಾಗಬೇಕು. ಕೂಪನ್ ಮೇಲೆ "ಸಮಾಜಸೇವೆಗಾಗಿ" ಎಂದು ಅಚ್ಚು ಹಾಕಿಸಿದರೆ ಕೊಳ್ಳುವವರು ಮುಖ ನೋಡಿ ಕೊಳ್ಳುತ್ತಾರೆ. ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಕೊಡುವ ವಸ್ತು ಇಷ್ಟೂ ಇದ್ದರೆ ಕೆಲಸ ನೋಡಿ ಕೊಳ್ಳುತ್ತಾರೆ. ಅದಕ್ಕೆ ಮುಂಚೆ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಕೂರಿಸಿ ಕೇಳಿ: ಯಾವ ತರಗತಿಗೆ ಎಷ್ಟು ಪುಸ್ತಕ, ನಾಲ್ಕು ಗೆರೆಯದು ಎಷ್ಟು, ಚೌಕುಳಿಯದು ಎಷ್ಟು, 100 ಪುಟದ್ದು ಸಾಕೋ 200 ಪುಟದ್ದು ಬೇಕೋ. ಕೇಳದೆ ಎಲ್ಲರಿಗೂ ಒಂದೇ ಬಗೆಯದನ್ನು ಹಂಚಿದರೆ ಒಂದನೇ ತರಗತಿಯ ಮಗುವಿಗೆ ಒಂದೇ ಗೆರೆಯ ದಪ್ಪ ಪುಸ್ತಕ ಸಿಕ್ಕಿ ಮೂಲೆ ಸೇರುತ್ತದೆ.

ದಿನ ಗೊತ್ತುಮಾಡುವಾಗ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಭಾನುವಾರಗಳನ್ನು ನೋಡಿ. ಮಳೆ ಇರುವುದಿಲ್ಲ, ಪರೀಕ್ಷೆಯ ಬಿಸಿ ಇನ್ನೂ ಹತ್ತಿರುವುದಿಲ್ಲ. ಆದರೆ ಮದುವೆ ಮುಹೂರ್ತವಿರುವ ಭಾನುವಾರ ಬೇಡವೇ ಬೇಡ. ಅಂದು ಅಡುಗೆ ಭಟ್ಟರೂ ಸಿಗುವುದಿಲ್ಲ, ಪಾತ್ರೆಯೂ ಸಿಗುವುದಿಲ್ಲ, ಊಟಕ್ಕೆ ಕರೆದವರ ಮನೆಗೆ ಜನ ಹೋಗುತ್ತಾರೆ. ಭಟ್ಟರ ಕೈಗೆ ಮುಂಗಡ ಕೊಟ್ಟ ಮೇಲೆಯೇ ದಿನಾಂಕ ಪ್ರಕಟಿಸಿ. ಭಟ್ಟರಿಗೆ ಆಹಾರ ಸುರಕ್ಷತೆಯ ನೋಂದಣಿ ಇದೆಯೇ ಎಂದು ಆಗಲೇ ಕೇಳಿ, ನಕಲು ತೆಗೆದಿಟ್ಟುಕೊಳ್ಳಿ.

ಕೂಪನ್

ಹತ್ತು ಕೂಪನ್ನಿಗೆ ಒಂದು ಬುಕ್, 50 ಬುಕ್. ಪ್ರತಿ ಕೂಪನ್ನಿಗೂ ಕ್ರಮಸಂಖ್ಯೆ, ಬುಕ್ಕಿನಲ್ಲಿ ಉಳಿಯುವ ತುಂಡಿನ ಮೇಲೂ ಅದೇ ಸಂಖ್ಯೆ. ಯಾರ ಕೈಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಹೋಯಿತು ಎಂದು ಖಜಾಂಚಿಯ ರಿಜಿಸ್ಟರಿನಲ್ಲಿ ಸಹಿಯೊಂದಿಗೆ ಬರೆಯಬೇಕು. ಮೇಳದ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೋಸದಿಂದಲ್ಲ, ಮರೆವಿನಿಂದ. ಮಾರಿದ ಹಣ ಸದಸ್ಯರ ಜೇಬಿನಲ್ಲಿ ಮನೆಖರ್ಚಿನೊಂದಿಗೆ ಬೆರೆತುಹೋಗುತ್ತದೆ, ತಿಂಗಳ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ. ಗುರುವಾರ ಸಂಜೆಯೊಳಗೆ ಹಣವೂ ಮಾರದೆ ಉಳಿದ ಬುಕ್ಕೂ ವಾಪಸ್ ಬರಬೇಕು ಎಂಬ ನಿಯಮವನ್ನು ಸಭೆಯಲ್ಲೇ ಹೇಳಿಬಿಡಿ, ಅಧ್ಯಕ್ಷರಿಗೂ ಅದೇ ನಿಯಮ. ಯುಪಿಐ ಕ್ಯೂಆರ್ ಕ್ಲಬ್ಬಿನ ಖಾತೆಯದೇ ಆಗಿರಲಿ, ಯಾರ ಸ್ವಂತ ಫೋನಿನದೂ ಬೇಡ.

ಯಾವ ಖಾತೆ ಎಂಬುದೂ ಮುಖ್ಯ. ಲಯನ್ಸ್ ಕ್ಲಬ್ಬುಗಳಲ್ಲಿ ಎರಡು ನಿಧಿ ಬೇರೆಬೇರೆ ಇಡಬೇಕೆಂಬ ಕಟ್ಟುನಿಟ್ಟಿದೆ: ಸದಸ್ಯರ ಚಂದಾ ಆಡಳಿತ ನಿಧಿಗೆ, ಜನರಿಂದ ಎತ್ತಿದ ಹಣ ಸೇವಾ ನಿಧಿಗೆ. ಜನರ ಹಣದಿಂದ ಮೇಳದ ನೇರ ಖರ್ಚು ಕಳೆಯಬಹುದು. ಪದಗ್ರಹಣದ ಊಟ, ಹಾರ, ಶಾಲುಗಳಿಗೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಬೇರೆ ಸಂಘಗಳೂ ಇದನ್ನೇ ಪಾಲಿಸಿದರೆ ಊರಿನ ನಂಬಿಕೆ ಉಳಿಯುತ್ತದೆ.

ಕೂಪನ್ ಕೊಂಡವರಿಗೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿಯ (80ಜಿ) ರಸೀದಿ ಕೊಡಬೇಡಿ. ಅವರು ದೋಸೆ ಕೊಂಡಿದ್ದಾರೆ, ದಾನ ಮಾಡಿದ್ದಲ್ಲ. ಅಂಗಡಿಯವರು ಅಕ್ಕಿ, ಎಣ್ಣೆ ಕೊಟ್ಟರೂ ಅದಕ್ಕೆ ತೆರಿಗೆ ರಿಯಾಯಿತಿ ಇಲ್ಲ, ಹಣಕ್ಕೆ ಮಾತ್ರ. ನಗದಾಗಿ ಕೊಟ್ಟದ್ದು 2,000 ರೂ. ಮೀರಿದರೂ ರಿಯಾಯಿತಿ ಸಿಗುವುದಿಲ್ಲ, ಆದ್ದರಿಂದ ದೊಡ್ಡ ಮೊತ್ತವನ್ನು ಚೆಕ್ಕಿನಲ್ಲೇ ಪಡೆಯಿರಿ. ಕೂಪನ್ನಿಗೆ ಲಕ್ಕಿ ಡ್ರಾ ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಣ ಪಡೆದು ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ ಆಗುತ್ತದೆ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಆ ಮಾತನ್ನು ಅಲ್ಲಿಗೇ ಬಿಡಿ.

ಮೂರು ಬಣ್ಣದ ಕೂಪನ್ ಮಾಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಹೊತ್ತು: 7ರಿಂದ 8.20, 8.20ರಿಂದ 9.40, 9.40ರಿಂದ 11. ಹೊತ್ತು ಬರೆಯದಿದ್ದರೆ ಎಲ್ಲರೂ ಒಂಬತ್ತಕ್ಕೆ ಬರುತ್ತಾರೆ.

ಹಿಟ್ಟು

ಒಂದು ಕೂಪನ್ನಿಗೆ ಒಂದು ಮಸಾಲೆ, ಒಂದು ಖಾಲಿ, ಕಾಫಿ. ಐನೂರು ಕೂಪನ್ನಿಗೆ ಸಾವಿರ ದೋಸೆ, ದೋಸೆಯೊಂದಕ್ಕೆ 100 ಗ್ರಾಂ ಹಿಟ್ಟು. ಹಾಳಾಗುವುದನ್ನೂ ಸೇರಿಸಿ 110 ಕೆಜಿ ಬೇಕು. ಅದಕ್ಕೆ ದೋಸೆ ಅಕ್ಕಿ 36 ಕೆಜಿ, ಉದ್ದಿನಬೇಳೆ 9, ಗಟ್ಟಿ ಅವಲಕ್ಕಿ 2, ಕಡಲೆಬೇಳೆ 1 ಕೆಜಿ, ಮೆಂತ್ಯ 400 ಗ್ರಾಂ. ಅಕ್ಕಿ ಹಳೆಯದೇ ಆಗಬೇಕು. ಹೊಸ ಅಕ್ಕಿ ಅಂಟಾಗಿ ದೋಸೆ ಕಾವಲಿಯಿಂದ ಏಳುವುದಿಲ್ಲ. ದಾನವಾಗಿ ಬಂದ ಮೂಟೆಯನ್ನು ಒಂದು ವಾರ ಮೊದಲೇ ಬಿಚ್ಚಿ, ಒಂದು ಕೆಜಿ ರುಬ್ಬಿ ಹುಯ್ದು ನೋಡಿ. ಬೆಣ್ಣೆ ದೋಸೆ ಮಾಡುವ ಆಸೆ ಇದ್ದರೆ ಬಿಡುವುದೇ ಮೇಲು, ಅದು ಸಾವಕಾಶವಾಗಿ ಬೇಯುವ ದೋಸೆ, ಸಾಲು ಕಾಯುವುದಿಲ್ಲ.

ಹತ್ತು ಲೀಟರಿನ ಗ್ರೈಂಡರ್ ಒಂದು ಸಲಕ್ಕೆ ನಾಲ್ಕೈದು ಕೆಜಿ ಹಿಡಿಯುತ್ತದೆ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ತಿರುಗಬೇಕು. ಎರಡು ಗ್ರೈಂಡರ್ ಇದ್ದರೂ ಮೂರೂವರೆ ಗಂಟೆಯ ಕೆಲಸ. ಕರೆಂಟ್ ಹೋದರೆ ಇಡೀ ಮೇಳವೇ ನಿಲ್ಲುವುದರಿಂದ ಜನರೇಟರ್ ಇರುವ ಛತ್ರದಲ್ಲಿ ರುಬ್ಬಿಸಿ. ಉದ್ದು ರುಬ್ಬುವಾಗ ತಣ್ಣೀರು ಚಿಮುಕಿಸುತ್ತಿರಿ. ಕಲ್ಲು ಕಾದರೆ ಹಿಟ್ಟು ಉಬ್ಬುವುದಿಲ್ಲ.

ಹುದುಗುವ ಹೊತ್ತು ಊರಿನ ಹವೆಯದು. ಕರಾವಳಿಯಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ರುಬ್ಬಿ ಮುಗಿಸಿದರೂ ಬೆಳಗ್ಗೆ ಐದಕ್ಕೆ ಸಿದ್ಧ, ಉಪ್ಪನ್ನು ಬೆಳಗ್ಗೆಯೇ ಹಾಕಬೇಕು. ಚಿಕ್ಕಮಗಳೂರು, ಹಾಸನದ ಕಡೆಯ ಡಿಸೆಂಬರ್ ಚಳಿಯಲ್ಲಿ ಮಧ್ಯಾಹ್ನ ಮೂರರೊಳಗೆ ರುಬ್ಬಿ, ಆಗಲೇ ಉಪ್ಪು ಬೆರೆಸಿ, ಹಿಂದಿನ ದಿನದ ಹುಳಿ ಹಿಟ್ಟನ್ನು ಪಾತ್ರೆಗೊಂದು ಸೌಟು ಸೇರಿಸಿ, ಗೋಣಿಚೀಲ ಸುತ್ತಿ ಮುಚ್ಚಿದ ಕೋಣೆಯಲ್ಲಿಡಬೇಕು. ಪಾತ್ರೆ ಎಲ್ಲೇ ಇರಲಿ, ಅರ್ಧದ ಮೇಲೆ ಸ್ವಲ್ಪ ಮಾತ್ರ ತುಂಬಿ. ಗಂಟಲವರೆಗೆ ತುಂಬಿದರೆ ಬೆಳಗ್ಗೆ ಹಿಟ್ಟು ನೆಲದ ಮೇಲಿರುತ್ತದೆ. ಉಬ್ಬಿದ ಮೇಲೆ ಕೊನೆಯ ಪಾಳಿಗೆ ಬೇಕಾದಷ್ಟನ್ನು ಐಸ್ ಹಾಕಿದ ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಇಲ್ಲವಾದರೆ ಹತ್ತು ಗಂಟೆಯ ಹೊತ್ತಿಗೆ ಹುಳಿ ಏರಿ ದೋಸೆ ಬೆಳ್ಳಗಾಗುತ್ತದೆ.

ಪಲ್ಯಕ್ಕೆ ಆಲೂಗಡ್ಡೆ 25 ಕೆಜಿ, ಈರುಳ್ಳಿ 7. ಒಂದು ಚಿಕ್ಕ ಪಾತ್ರೆಯಷ್ಟನ್ನು ಈರುಳ್ಳಿ ಹಾಕದೆ ತೆಗೆದಿಡಿ, ಈರುಳ್ಳಿ ತಿನ್ನದವರು ಇದ್ದೇ ಇರುತ್ತಾರೆ. ಅವರಿಗೆ ಹುಯ್ಯುವ ಕಾವಲಿಯನ್ನು ಈರುಳ್ಳಿಯಿಂದ ಒರೆಸದೆ ಬಟ್ಟೆಯಿಂದ ಒರೆಸಬೇಕು. ಚಟ್ನಿಗೆ ತೆಂಗಿನಕಾಯಿ 40, ಹುರಿಗಡಲೆ 5 ಕೆಜಿ. ಎಲ್ಲವನ್ನೂ ಒಟ್ಟಿಗೆ ರುಬ್ಬಬೇಡಿ. ಅರ್ಧ ಆರಕ್ಕೆ, ಅರ್ಧ ಒಂಬತ್ತಕ್ಕೆ, ಕುದಿಸಿ ಆರಿಸಿದ ನೀರಿನಲ್ಲಿ. ಮೇಳದಲ್ಲಿ ಮೊದಲು ಹಳಸುವುದು ಚಟ್ನಿಯೇ. ಹಳಸಿದ ಚಟ್ನಿಯಿಂದ ಒಬ್ಬರ ಹೊಟ್ಟೆ ಕೆಟ್ಟರೂ ಮುಂದಿನ ವರ್ಷದ ಕೂಪನ್ ಮಾರುವುದು ಕಷ್ಟ. ಕಾಫಿಗೆ ಹಾಲು 35 ಲೀಟರ್, ಪುಡಿ ಮೂರೂವರೆ ಕೆಜಿ, ಸಕ್ಕರೆ 6.

ಕಾವಲಿ

ನಾಲ್ಕಡಿಗೆ ಎರಡಡಿಯ ಕಾವಲಿಯಲ್ಲಿ ಎಂಟು ದೋಸೆ ಹಿಡಿಯುತ್ತವೆ, ಗಂಟೆಗೆ ನೂರರ ಹತ್ತಿರ ಬರುತ್ತವೆ. ಆದ್ದರಿಂದ ಮೂರು ಕಾವಲಿ ಬೇಕೇ ಬೇಕು. ಬಾಡಿಗೆಗೆ ತಂದ ಕಾವಲಿಯನ್ನು ಶನಿವಾರವೇ ತೊಳೆದು, ಎಣ್ಣೆ ಸವರಿ ಕಾಯಿಸಿ, ಹತ್ತು ದೋಸೆ ಹುಯ್ದು ಪಳಗಿಸಿ. ಹುಯ್ಯುವುದು ಭಟ್ಟರ ಕೆಲಸವೇ ಆಗಿರಲಿ. ಉತ್ಸಾಹಿ ಸದಸ್ಯರು ಸೌಟು ಹಿಡಿದರೆ ಕಾವು ತಪ್ಪುತ್ತದೆ: ಕಾವಲಿ ಅತಿಯಾಗಿ ಕಾದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ, ಕಾವು ಸಾಲದಿದ್ದರೆ ಅಡಿ ಹಿಡಿಯುತ್ತದೆ. ಸದಸ್ಯರಿಗೆ ಕೂಪನ್ ಹರಿಯುವುದು, ಬಡಿಸುವುದು, ಕಾಫಿ, ನೀರು, ಮೇಜು ಒರೆಸುವುದು ಇಷ್ಟೇ ಸಾಕಷ್ಟಿದೆ.

ಗ್ಯಾಸ್‌ಗೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಮೂರು, ಮೇಲೊಂದು. ಮನೆಯ 14.2 ಕೆಜಿ ಸಿಲಿಂಡರ್ ತರುವುದು ನಿಯಮಕ್ಕೆ ವಿರುದ್ಧ. ಸಿಲಿಂಡರ್ ಶಾಮಿಯಾನದ ಹೊರಗೆ ನೆಟ್ಟಗೆ ನಿಂತಿರಲಿ, ಕಾವಲಿಯ ಹತ್ತಿರ ಬೆಂಕಿ ಆರಿಸುವ ಸಾಧನ ಇರಲಿ. ಪಾರ್ಸೆಲ್ ಕೇಳುವವರನ್ನು ಮೊದಲ ಪಾಳಿಗೆ ಮಾತ್ರ ಒಪ್ಪಿಕೊಳ್ಳಿ. ಒಬ್ಬರೇ ಎಂಟು ಕೂಪನ್ ಕೊಟ್ಟು ಕಟ್ಟಿಸಿಕೊಳ್ಳಲು ನಿಂತರೆ ಒಂದು ಕಾವಲಿಯ ಎರಡು ಸುತ್ತು ಅವರಿಗೇ ಹೋಗುತ್ತದೆ.

ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ ಬಳಸಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ಬ್ಯಾನರ್‌ಗಳಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಬಟ್ಟೆಯ ಬ್ಯಾನರ್ ಆದರೆ ಮುಂದಿನ ವರ್ಷಕ್ಕೂ ಬರುತ್ತದೆ, ದಿನಾಂಕದ ಜಾಗಕ್ಕೆ ಚೀಟಿ ಹೊಲಿದರಾಯಿತು.

ಹಣ ಮತ್ತು ಪುಸ್ತಕ

ತಟ್ಟೆಯೊಂದರ ಒಟ್ಟು ಖರ್ಚು ಕೂಪನ್ ದರದ ಅರ್ಧ ಮೀರಬಾರದು. ದರ 120 ರೂ., ಖರ್ಚು 60 ಎಂದಾದರೆ ಐನೂರು ಕೂಪನ್ನಿಗೆ 30,000 ರೂ. ಉಳಿಯುತ್ತದೆ. ಅಕ್ಕಿ, ಹಾಲು ದಾನವಾಗಿ ಬಂದರೆ ಅಷ್ಟೂ ಮೇಲೆ. ಮೇಳ ಮುಗಿದ ಕೂಡಲೇ ಹರಿದ ಕೂಪನ್ ಎಣಿಸಿ, ನಗದನ್ನು ಇಬ್ಬರು ಎಣಿಸಿ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಿ. ಭಟ್ಟರ ಕೂಲಿಯನ್ನೂ ಆ ನಗದಿನಿಂದ ನೇರವಾಗಿ ಕೊಡಬೇಡಿ, ಖಾತೆಯಿಂದಲೇ ಹೋಗಲಿ. ಮುಂದಿನ ಸಭೆಯಲ್ಲಿ ಬಿಲ್ಲುಗಳೊಂದಿಗೆ ಲೆಕ್ಕ ಓದಿ, ಒಂದು ಪ್ರತಿಯನ್ನು ಶಾಲೆಯ ನೋಟಿಸ್ ಬೋರ್ಡಿಗೂ ಹಾಕಿ.

ಕೊನೆಯದಾಗಿ, ಹಂಚುವ ಹೊತ್ತು. ರೋಟರಿ, ಲಯನ್ಸ್ ಎರಡರಲ್ಲೂ ಹೊಸ ಪದಾಧಿಕಾರಿಗಳ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಶಾಲೆ ತೆರೆಯುವುದು ಅದಕ್ಕೆ ಒಂದು ತಿಂಗಳು ಮುಂಚೆ. ಹೊಸ ತಂಡದ ಮೊದಲ ಕಾರ್ಯಕ್ರಮವಾಗಲಿ ಎಂದು ಪುಸ್ತಕ ಕಾದಿರಿಸಿದರೆ, ಜುಲೈ ಹೊತ್ತಿಗೆ ಕೂಲಿ ಮಾಡುವ ತಾಯಂದಿರು ಸಾಲ ಮಾಡಿ ಅಂಗಡಿಯಿಂದ ತಂದಾಗಿರುತ್ತದೆ. ಏಪ್ರಿಲ್‌ನಲ್ಲೇ ಸಗಟು ಅಂಗಡಿಗೆ ಆರ್ಡರ್ ಕೊಟ್ಟು, ಮೇ ತಿಂಗಳಲ್ಲಿ ತರಿಸಿ, ತರಗತಿವಾರು ಕಟ್ಟು ಕಟ್ಟಿ, ಶಾಲೆ ತೆರೆದ ಮೊದಲ ವಾರವೇ ಕೊಟ್ಟುಬಿಡಿ. ತಡವಾಗಿ ಸೇರುವ ಮಕ್ಕಳಿಗೆಂದು ಹತ್ತು ಕಟ್ಟು ಹೆಚ್ಚಿಗೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ.