ಎದೆಯೊಳಗೆ ದೊಡ್ಡದಾದ ನೋಡ್‌ಗಳು: ಸಿಟಿ ಸ್ಕ್ಯಾನ್‌ನಲ್ಲಿ ನಾನು ಏನೇನು ನೋಡುತ್ತೇನೆ

‘ಮೀಡಿಯಾಸ್ಟೈನಮ್‌ನಲ್ಲಿ ದೊಡ್ಡದಾದ ಲಿಂಫ್ ನೋಡ್‌ಗಳಿವೆ’ ಅಂತ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆಯುವುದು ಸುಲಭ. ಆ ಸಾಲು ಓದಿದ ಮನೆಯವರು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿ, ಬೆಳಗಾಗುವ ಹೊತ್ತಿಗೆ ಕ್ಯಾನ್ಸರೇ ಅಂತ ನಂಬಿಬಿಟ್ಟಿರುತ್ತಾರೆ. ನಾನು ಕೋಲಾರ ಜಿಲ್ಲೆಯಲ್ಲಿ ರೇಡಿಯಾಲಜಿಸ್ಟ್. ಎದೆಯ ಸಿಟಿ ಓದುವುದು ನನ್ನ ದಿನನಿತ್ಯದ ಕೆಲಸ. ಆ ಒಂದು ಸಾಲು ಬರೆಯುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳಿಗೂ ಉಪಯೋಗವಾಗಬಹುದು, ರಿಪೋರ್ಟ್ ಕೈಲಿ ಹಿಡಿದು ಕೂತವರಿಗೂ.

ಮೊದಲು ಒಂದು ವಿಷಯ. ಎರಡು ಶ್ವಾಸಕೋಶಗಳ ನಡುವಿನ ಜಾಗವೇ ಮೀಡಿಯಾಸ್ಟೈನಮ್. ಅಲ್ಲಿ, ಶ್ವಾಸನಾಳದ ಸುತ್ತ, ದುಗ್ಧ ಗ್ರಂಥಿಗಳು ಎಲ್ಲರಿಗೂ ಇರುತ್ತವೆ. ಇರುವುದು ಕಾಯಿಲೆ ಅಲ್ಲ. ಇವನ್ನೇ ನಾವು ಲಿಂಫ್ ನೋಡ್, ಚಿಕ್ಕದಾಗಿ ನೋಡ್ ಅನ್ನುತ್ತೇವೆ.

ಎಕ್ಸ್‌ರೇಯಿಂದಲೇ ಕೆಲವೊಮ್ಮೆ ಸುಳಿವು ಸಿಗುತ್ತದೆ. ಶ್ವಾಸನಾಳದ ಬಲಗಡೆ ಒಂದು ತೆಳುವಾದ ಬಿಳಿ ಗೆರೆ ಕಾಣುತ್ತದೆ. ಅದು 4 ಮಿ.ಮೀ. ದಾಟಿ ದಪ್ಪ ಆಗಿದ್ದರೆ, ಅಥವಾ ಶ್ವಾಸಕೋಶದ ಬೇರಿನ ಹತ್ತಿರ ಉಬ್ಬು ಕಂಡರೆ, ಅಲ್ಲಿ ಏನೋ ಇದೆ ಅಂತ ಅರ್ಥ. ಆದರೆ ಶ್ವಾಸನಾಳ ಎರಡಾಗಿ ಒಡೆಯುವ ಜಾಗದ ಕೆಳಗಿನ ನೋಡ್‌ಗಳು ಹೃದಯದ ನೆರಳಲ್ಲಿ ಮುಚ್ಚಿಹೋಗುತ್ತವೆ. ಎಕ್ಸ್‌ರೇ ಚೆನ್ನಾಗಿದೆ ಅಂದಮಾತ್ರಕ್ಕೆ ನೋಡ್ ಇಲ್ಲ ಅಂತ ಹೇಳೋಕಾಗಲ್ಲ.

ಹಾಗಾಗಿ ಸಿಟಿ. ನೋಡ್ ನೋಡಲಿಕ್ಕೇ ಮಾಡುವ ಸಿಟಿಯಾದರೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಕೊಂಡು, ಅಲರ್ಜಿ ಕೇಳಿಕೊಂಡು, ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ಔಷಧ) ಕೊಟ್ಟೇ ಮಾಡುತ್ತೇನೆ. ಇಂಜೆಕ್ಷನ್ ಕೊಟ್ಟು ಸುಮಾರು 60 ಸೆಕೆಂಡ್ ಬಿಟ್ಟು ಸ್ಕ್ಯಾನ್ ಮಾಡಿದರೆ ರಕ್ತನಾಳಗಳು ಬೆಳ್ಳಗಾಗುತ್ತವೆ, ನೋಡ್‌ಗಳು ಬೇರೆಯಾಗಿ ಎದ್ದು ಕಾಣುತ್ತವೆ, ಅವುಗಳ ಒಳಗೆ ಏನಾಗಿದೆ ಅನ್ನುವುದೂ ಗೊತ್ತಾಗುತ್ತದೆ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಶ್ವಾಸಕೋಶದ ಬೇರಿನ ನೋಡ್ ಯಾವುದು, ರಕ್ತನಾಳ ಯಾವುದು ಅಂತ ಹೇಳುವುದು ತುಂಬಾ ಕಷ್ಟ.

ಇನ್ನು ಅಳತೆ. ನೋಡ್‌ನ ಆಕಾರ ಅವರೆಕಾಳಿನ ಹಾಗೆ. ಉದ್ದದ ಅಳತೆ ಅದು ಹೇಗೆ ಮಲಗಿದೆ ಅನ್ನುವುದರ ಮೇಲೆ ಬದಲಾಗುತ್ತದೆ, ಅಗಲ ಅಷ್ಟು ಬದಲಾಗಲ್ಲ. ಅದಕ್ಕೇ ನಾವು ಚಿಕ್ಕ ಅಡ್ಡಳತೆಯನ್ನು ತೆಗೆದುಕೊಳ್ಳುತ್ತೇವೆ. 10 ಮಿ.ಮೀ. ದಾಟಿದರೆ ದೊಡ್ಡದು ಅನ್ನುವುದು ರೂಢಿ. ಬೇರೆ ಏನಕ್ಕೋ ಮಾಡಿಸಿದ ಸಿಟಿಯಲ್ಲಿ ಆಕಸ್ಮಿಕವಾಗಿ ಕಂಡ ನೋಡ್ 15 ಮಿ.ಮೀ. ಒಳಗಿದ್ದು, ಜ್ವರ, ತೂಕ ಇಳಿಯುವುದು, ಕ್ಯಾನ್ಸರ್ ಇತಿಹಾಸ ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ಹಿಂದೆ ಬೀಳಬೇಕಾಗಿಲ್ಲ. ಹಾರ್ಟ್ ಫೇಲ್ಯೂರ್ ಇರುವವರಲ್ಲೂ ನೋಡ್‌ಗಳು ಸ್ವಲ್ಪ ಊದಿಕೊಳ್ಳುತ್ತವೆ, ನೀರು ಇಳಿದ ಮೇಲೆ ಸಣ್ಣಗಾಗುತ್ತವೆ.

ಆದರೆ ಅಳತೆಯನ್ನೇ ನಂಬಿ ಕೂತರೆ ಕೆಲಸ ಕೆಡುತ್ತದೆ. 8 ಮಿ.ಮೀ. ನೋಡ್‌ನಲ್ಲಿ ಕ್ಯಾನ್ಸರ್ ಇರಬಹುದು, 20 ಮಿ.ಮೀ. ನೋಡ್‌ನಲ್ಲಿ ಬರೀ ಹಳೆಯ ಸೋಂಕಿನ ಊತ ಇರಬಹುದು. ಸ್ಕೇಲ್ ಹಿಡಿದ ಮೇಲೆ ನಾನು ಜಾಸ್ತಿ ಹೊತ್ತು ಕಳೆಯುವುದು ನೋಡ್‌ನ ಒಳಗೆ ಏನಿದೆ ಅಂತ ನೋಡುವುದರಲ್ಲಿ.

ನಡುವೆ ಕೊಬ್ಬು ಕಂಡರೆ ಸಮಾಧಾನ, ಅದು ಬಹುತೇಕ ನಿರುಪದ್ರವಿ. ನಡುವೆ ಕಪ್ಪಗೆ ಕೊಳೆತ ಹಾಗಿದ್ದು, ಸುತ್ತ ಮಾತ್ರ ಬಳೆಯಂತೆ ಕಾಂಟ್ರಾಸ್ಟ್ ಹಿಡಿದಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ, ಅದೂ ಶ್ವಾಸನಾಳದ ಬಲಗಡೆ ಇದ್ದರೆ, ನಮ್ಮ ಕಡೆ ಮೊದಲು ನೆನಪಾಗಬೇಕಾದ್ದು ಟಿಬಿ. ಎರಡೂ ಶ್ವಾಸಕೋಶದ ಬೇರಿನಲ್ಲಿ ಸಮವಾಗಿ, ಜೊತೆಗೆ ಬಲಗಡೆ ಶ್ವಾಸನಾಳದ ಪಕ್ಕದಲ್ಲಿ ದೊಡ್ಡದಾಗಿದ್ದು, ರೋಗಿ ನೋಡಲು ಆರಾಮಾಗಿದ್ದರೆ ಸಾರ್ಕಾಯ್ಡೋಸಿಸ್ (ಕ್ಯಾನ್ಸರ್ ಅಲ್ಲದ ಒಂದು ಉರಿಯೂತದ ಕಾಯಿಲೆ). ಎದೆಮೂಳೆಯ ಹಿಂದೆ, ಮುಂಭಾಗದಲ್ಲಿ, ಒಂದರೊಳಗೊಂದು ಸೇರಿ ದೊಡ್ಡ ಮುದ್ದೆಯಾಗಿದ್ದರೆ ಲಿಂಫೋಮಾ, ಅಂದರೆ ದುಗ್ಧ ಗ್ರಂಥಿಗಳದ್ದೇ ಕ್ಯಾನ್ಸರ್, ಯೋಚನೆ ಬರುತ್ತದೆ. ಇವೆಲ್ಲ ಯೋಚನೆಗಳು ಅಷ್ಟೇ. ಸಾರ್ಕಾಯ್ಡ್ ಅಂದುಕೊಂಡದ್ದು ಟಿಬಿ ಆಗಬಹುದು, ಟಿಬಿ ಅಂದುಕೊಂಡದ್ದು ಕ್ಯಾನ್ಸರ್ ಆಗಬಹುದು. ಕ್ಯಾನ್ಸರ್ ಹರಡಿದ ನೋಡ್‌ಗಳೂ ನಡುವೆ ಕೊಳೆಯುತ್ತವೆ.

ನಮ್ಮ ಜಿಲ್ಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಗಣಿಯ ಕಲ್ಲಿನ ಧೂಳು ಕುಡಿದ ಎದೆಗಳು ಅಷ್ಟು ಬೇಗ ಸರಿಹೋಗುವುದಿಲ್ಲ. ಸಿಲಿಕಾ ಧೂಳು ಉಸಿರಾಡಿದವರ ನೋಡ್‌ಗಳ ಅಂಚಿನಲ್ಲಿ ತೆಳುವಾಗಿ ಸುಣ್ಣ ಕಟ್ಟುತ್ತದೆ. ಎಗ್‌ಶೆಲ್ ಕ್ಯಾಲ್ಸಿಫಿಕೇಶನ್ ಅನ್ನುತ್ತೇವೆ. ಕಲ್ಲು ಕ್ವಾರಿಯಲ್ಲಿ, ಜಲ್ಲಿ ಕ್ರಷರ್‌ನಲ್ಲಿ ದುಡಿದವರಲ್ಲೂ ಇದನ್ನು ಕಾಣಬಹುದು. ಹಾಗಾಗಿ ಟೇಬಲ್ ಮೇಲೆ ಮಲಗಿಸುವ ಮೊದಲೇ ‘ಏನು ಕೆಲಸ ಮಾಡ್ತಿದ್ರಿ?’ ಅಂತ ಕೇಳಿ ಅಂತ ನಮ್ಮ ಟೆಕ್ನಿಷಿಯನ್‌ಗಳಿಗೆ ಹೇಳಿಟ್ಟಿದ್ದೇನೆ. ಸಿಲಿಕೋಸಿಸ್ (ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಇದ್ದವರಿಗೆ ಟಿಬಿ ಬರುವ ಅಪಾಯ ಜಾಸ್ತಿ. ಸುಣ್ಣ ಕಟ್ಟಿದ ಹಳೆಯ ನೋಡ್‌ಗಳ ಪಕ್ಕದಲ್ಲಿ ಹೊಸದಾಗಿ ಒಂದು ಮೆತ್ತನೆಯ, ನಡುವೆ ಕಪ್ಪಾದ ನೋಡ್ ಕಂಡರೆ ಅದನ್ನು ಸುಮ್ನೆ ‘ಹಳೆಯದು’ ಅಂತ ಬಿಡಬಾರದು.

ನೋಡ್ ಅಲ್ಲದ್ದು ನೋಡ್ ಹಾಗೆ ಕಾಣುವುದೂ ಉಂಟು. ಹೃದಯದ ಚೀಲದ ಒಂದು ಮೂಲೆ ಮೇಲಕ್ಕೆ, ಮಹಾಪಧಮನಿಯ ಹಿಂದೆ ಚಾಚಿಕೊಂಡಿರುತ್ತದೆ. ಅದರಲ್ಲಿ ಸ್ವಲ್ಪ ನೀರಿದ್ದರೆ ಥೇಟ್ ನೋಡ್ ಹಾಗೆಯೇ ಕಾಣುತ್ತದೆ. ಅದರ ಮೇಲೆ ಕರ್ಸರ್ ಇಟ್ಟು ಸಾಂದ್ರತೆ ನೋಡಿ, ನೀರಿನ ಹತ್ತಿರ ಬಂದರೆ, ಕಾಂಟ್ರಾಸ್ಟ್ ಹಿಡಿಯದಿದ್ದರೆ, ಉದ್ದಕ್ಕೆ ಕತ್ತರಿಸಿದ ಚಿತ್ರದಲ್ಲಿ ಹೃದಯದ ಚೀಲಕ್ಕೆ ಸೇರಿಕೊಂಡರೆ ಅದು ನೋಡ್ ಅಲ್ಲ. ಚಿಕ್ಕ ಮಕ್ಕಳಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ಸಹಜವಾಗಿಯೇ ದೊಡ್ಡದು. ಅದನ್ನು ಗಡ್ಡೆ ಅಂತ ಬರೆದು ತಂದೆ ತಾಯಿಯನ್ನು ಹೆದರಿಸಬಾರದು. ಮಕ್ಕಳಿಗೆ ಕೆಲವೊಮ್ಮೆ ಕುತ್ತಿಗೆಯ ಕೆಳಗಿನ ಗುಳಿಯಿಂದ ಅಲ್ಟ್ರಾಸೌಂಡ್ ಇಟ್ಟೇ ಮೇಲಿನ ನೋಡ್‌ಗಳನ್ನು ನೋಡಬಹುದು, ರೇಡಿಯೇಷನ್ ಇಲ್ಲ.

ಪೆಟ್ ಸಿಟಿ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. ಒಳ್ಳೆಯ ಪರೀಕ್ಷೆ, ಆದರೆ ನಮ್ಮ ದೇಶದಲ್ಲಿ ಬರೀ ನೋಡ್ ದೊಡ್ಡದಿದೆ ಅಂತ ಮೊದಲಿಗೇ ಅದನ್ನು ಮಾಡಿಸುವುದು ದುಡ್ಡಿಗೆ ದಂಡ. ಸಕ್ಕರೆಯಂಥ ಔಷಧವನ್ನು ಯಾವ ಕೋಶ ಜಾಸ್ತಿ ತಿನ್ನುತ್ತದೆ ಅಂತ ಅದು ತೋರಿಸುತ್ತದೆ. ಕ್ಯಾನ್ಸರೂ ತಿನ್ನುತ್ತದೆ, ಟಿಬಿಯೂ ತಿನ್ನುತ್ತದೆ, ಸಾರ್ಕಾಯ್ಡೂ ತಿನ್ನುತ್ತದೆ. ಒಬ್ಬ ಹೆಂಗಸು ಬೇರೆ ಕಡೆ ಮಾಡಿಸಿದ ಪೆಟ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ನೋಡ್‌ಗಳು ಧಗಧಗ ಉರಿಯುವ ಹಾಗೆ ಕಾಣುತ್ತಿದ್ದವು, ‘ಲಿಂಫೋಮಾ ಇರಬಹುದು’ ಅಂತ ರಿಪೋರ್ಟ್. ಮನೆಯವರು ಕೀಮೋಗೆ ಸಾಲ ಹುಡುಕುತ್ತಿದ್ದರು. ಸೂಜಿ ಹಾಕಿ ತೆಗೆದ ಮಾದರಿಯಲ್ಲಿ ಬಂದದ್ದು ಟಿಬಿ. ಸರ್ಕಾರದಿಂದ ಔಷಧ ಉಚಿತವಾಗಿ ಸಿಗುವ ಕಾಯಿಲೆ.

ಶ್ವಾಸಕೋಶದ ಕ್ಯಾನ್ಸರ್ ಅಂತ ಖಚಿತವಾದವರ ವಿಷಯ ಬೇರೆ. ಅಲ್ಲಿ ಪೆಟ್ ಬೇಕು. ಅಲ್ಲಿ ನೋಡ್ ಎಲ್ಲಿದೆ ಅನ್ನುವುದರ ಮೇಲೆ ಆಪರೇಷನ್ ಆಗುತ್ತದೋ ಇಲ್ಲವೋ ನಿಂತಿರುತ್ತದೆ. ನೋಡ್‌ಗೆ ಎಷ್ಟು ಹರಡಿದೆ ಅನ್ನುವುದರ ಹಂತವನ್ನು ಎನ್ ಅಂತ ಬರೆಯುತ್ತೇವೆ: ಗಡ್ಡೆ ಇರುವ ಕಡೆಯ ಮೀಡಿಯಾಸ್ಟೈನಮ್ ನೋಡ್ ಆದರೆ ಎನ್2, ಎದುರು ಕಡೆಯದಾದರೆ ಎನ್3. ಎನ್3 ಆದರೆ ಸಾಮಾನ್ಯವಾಗಿ ಆಪರೇಷನ್ ಇಲ್ಲ. ಐಎಎಸ್‌ಎಲ್‌ಸಿ ಅನ್ನುವ ಅಂತರರಾಷ್ಟ್ರೀಯ ಶ್ವಾಸಕೋಶ ಕ್ಯಾನ್ಸರ್ ಸಂಘದ 2009ರ ನಕ್ಷೆಯಲ್ಲಿ ಈ ನೋಡ್‌ಗಳಿಗೆ 1ರಿಂದ 14ರವರೆಗೆ ನಂಬರ್ ಇದೆ. ಅದರಲ್ಲಿ 4ಆರ್ (ಬಲ) ಮತ್ತು 4ಎಲ್ (ಎಡ) ನಡುವಿನ ಗಡಿ ಶ್ವಾಸನಾಳದ ಮಧ್ಯ ಅಲ್ಲ, ಅದರ ಎಡ ಅಂಚು. ಶ್ವಾಸನಾಳದ ಮುಂದೆ, ಮಧ್ಯದಿಂದ ಸ್ವಲ್ಪ ಎಡಕ್ಕೆ ಇರುವ ನೋಡ್ ಕೂಡ ಬಲಗಡೆಯ ಲೆಕ್ಕ. ಇದೊಂದು ಗಡಿ ತಪ್ಪಿದರೆ ರೋಗಿಯ ಹಂತವೇ ತಪ್ಪುತ್ತದೆ. ಪೆಟ್‌ನಲ್ಲಿ ಹೊಳೆಯಿತು ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಇಲ್ಲ ಅನ್ನುವುದೂ ಅನ್ಯಾಯ, ಆ ನೋಡ್‌ಗೆ ಸೂಜಿ ಹಾಕಿ ನೋಡಿಯೇ ಹೇಳಬೇಕು.

ಸೂಜಿ ಅಂದರೆ ಈಗ ಹೆಚ್ಚಾಗಿ ಇಬಸ್. ಶ್ವಾಸನಾಳದೊಳಗೆ ತೂರಿಸುವ ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ, ನೋಡ್ ನೋಡುತ್ತಲೇ ಗೋಡೆಯ ಮೂಲಕ ಸೂಜಿ ಹಾಕುತ್ತಾರೆ. ನಮ್ಮ ಕಡೆಯವರು ಇದಕ್ಕೆ ಬೆಂಗಳೂರಿಗೇ ಹೋಗುವುದು ಜಾಸ್ತಿ. ಅದಕ್ಕೆ ನನ್ನ ರಿಪೋರ್ಟ್‌ನಲ್ಲಿ ಪ್ರತಿ ದೊಡ್ಡ ನೋಡ್‌ಗೂ ನಂಬರ್, ಅಳತೆ, ಒಳಗಿನ ಗುಣ ಬರೆದು, ಯಾವುದಕ್ಕೆ ಸೂಜಿ ತಲುಪುತ್ತದೆ ಅನ್ನುವುದನ್ನೂ ಸೇರಿಸುತ್ತೇನೆ. ಆ ನಕ್ಷೆಯ 2, 4, 7, 10, 11ನೇ ನಂಬರಿನ ನೋಡ್‌ಗಳಿಗೆ ಇಬಸ್ ತಲುಪುತ್ತದೆ. 5 ಮತ್ತು 6 ಮಹಾಪಧಮನಿಯ ಆಚೆ ಇರುವುದರಿಂದ ಸಾಮಾನ್ಯವಾಗಿ ತಲುಪುವುದಿಲ್ಲ, ಬೇರೆ ದಾರಿ ಬೇಕು. ಇದು ಮೊದಲೇ ಗೊತ್ತಿದ್ದರೆ ಬಡ ರೋಗಿಗೆ ಒಂದು ವ್ಯರ್ಥ ಪ್ರಯಾಣ ತಪ್ಪುತ್ತದೆ, ಅಲ್ವಾ?

ಇನ್ನೊಂದು ವಿಷಯ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತೆಗೆದ ಮಾದರಿಯನ್ನೆಲ್ಲ ಫಾರ್ಮಲಿನ್‌ಗೆ (ಮಾದರಿ ಕೆಡದಂತೆ ಇಡುವ ದ್ರಾವಣ) ಹಾಕಬೇಡಿ. ಫಾರ್ಮಲಿನ್‌ಗೆ ಬಿದ್ದ ಮಾದರಿಯಲ್ಲಿ ಟಿಬಿ ರೋಗಾಣು ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಒಂದು ಭಾಗವನ್ನು ಸಲೈನ್‌ನಲ್ಲಿ ಇಟ್ಟು ಸಿಬಿನ್ಯಾಟ್‌ಗೆ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ), ಕಲ್ಚರ್‌ಗೆ ಕಳಿಸಿ. ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದೂ ಸಿಬಿನ್ಯಾಟ್‌ನಲ್ಲೇ ಗೊತ್ತಾಗುತ್ತದೆ.

ಟಿಬಿ ಚಿಕಿತ್ಸೆ ಶುರುವಾದ ಮೇಲೆ ನೋಡ್ ಸಣ್ಣಗಾಗಲು ಸಮಯ ಹಿಡಿಯುತ್ತದೆ. ಔಷಧ ಕೆಲಸ ಮಾಡುತ್ತಿದ್ದರೂ ಮೊದಲ ಕೆಲವು ತಿಂಗಳಲ್ಲಿ ಇನ್ನೂ ದೊಡ್ಡದಾಗುವುದು ಉಂಟು. 6 ತಿಂಗಳ ಕೋರ್ಸ್ ಮುಗಿದ ಮೇಲೂ ಒಂದೆರಡು ಉಳಿದಿರಬಹುದು. ಆ ಹೊತ್ತಿನಲ್ಲಿ ಜ್ವರ ಹೋಗಿದೆಯಾ, ತೂಕ ಏರಿದೆಯಾ ಅನ್ನುವುದು ಸಿಟಿಯಷ್ಟೇ ಮುಖ್ಯ. ಸಿಟಿ ಮತ್ತೆ ಮಾಡಲೇಬೇಕು ಅಂದರೆ ಹಳೆಯ ಸಿಡಿ ತನ್ನಿ, ಬರೀ ರಿಪೋರ್ಟ್ ಕಾಗದ ಸಾಲದು. ಅದೇ ನೋಡ್, ಅದೇ ಜಾಗ, ಅದೇ ಅಡ್ಡಳತೆ ಪಕ್ಕ ಪಕ್ಕ ಇಟ್ಟು ನೋಡಿದರೇ ಸಣ್ಣದಾಗಿದೆಯೋ ದೊಡ್ಡದಾಗಿದೆಯೋ ಅಂತ ನಾನು ಧೈರ್ಯವಾಗಿ ಬರೆಯಬಲ್ಲೆ.