ಅರಳದ ತೊಗರಿ ಹೂವು: ನಾನು ಕ್ರಾಸ್ ಮಾಡಿ ನೋಡಿದ್ದು

ತೊಗರಿ ಬೀಜ ಮನೇಲೇ ಎತ್ತಿಟ್ಟು ಬಿತ್ತೋರಿಗೆ ಗೊತ್ತಿರತ್ತೆ, ಕೆಲವೇ ವರ್ಷದಲ್ಲಿ ತಳಿ ಕಲಬೆರಕೆ ಆಗೋಗತ್ತೆ. ಮೊಗ್ಗಿನೊಳಗೇ ಪರಾಗ ಉದುರಿದ್ರೂ ಹೂವು ಅರಳಿದ ಮೇಲೆ ಜೇನು ಬಂದು ಪಕ್ಕದ ಹೊಲದ ಪರಾಗನೂ ಸೇರಿಸಿಬಿಡತ್ತೆ. ಅದಕ್ಕೇ ನನಗೆ ಅರಳದ ಹೂವಿನ ಮೇಲೆ ಆಸೆ.

ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯೋ ಕಾಡು ತೊಗರಿ ಕಜಾನಸ್ ಲಿನಿಯೇಟಸ್ ಜೊತೆ ಕ್ರಾಸ್ ಮಾಡಿದಾಗ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನೋರಿಗೆ ಈ ಗುಣ ಸಿಕ್ಕಿದ್ದು. ದಳಗಳು ಒಂದರ ಮೇಲೊಂದು ಸುತ್ಕೊಂಡೇ ಇರ್ತವೆ, ಒಳಗೇ ಕಾಯಿ ಕಟ್ಟತ್ತೆ. ಇದಕ್ಕೆ ಕಾರಣ ಒಂದೇ ರಿಸೆಸಿವ್ ಜೀನ್, ಅಂದ್ರೆ ತಂದೆ-ತಾಯಿ ಎರಡೂ ಕಡೆಯಿಂದ ಬಂದ್ರೆ ಮಾತ್ರ ಗುಣ ಕಾಣ್ಸತ್ತೆ. ಬಾರ್ಲಿಲೂ ಇದು ರಿಸೆಸಿವ್ವೇ, ಆದ್ರೆ ಅಲ್ಲಿ ಹೂವನ್ನ ತಳ್ಳಿ ತೆರೆಯೋ ಲಾಡಿಕ್ಯೂಲ್ ಅನ್ನೋ ಪುಟ್ಟ ಭಾಗ ಉಬ್ಬಲ್ಲ, ಸಿಎಲ್‌ವೈ1 ಅನ್ನೋ ಆ ಜೀನ್ 2010ರಲ್ಲೇ ಸಿಕ್ಕಿದೆ. ತೊಗರಿಗೆ ಲಾಡಿಕ್ಯೂಲೇ ಇಲ್ಲ, ಇಲ್ಲಿನ ಕತೆನೇ ಬೇರೆ.

ನಾನು ಮುಚ್ಚಿದ ಹೂವಿನ ಗಿಡನ್ನ ತಾಯಿ ಮಾಡಿ, ನೆಟೆ ರೋಗ ತಡೆಯೋ ಮಾರುತಿ ತಳಿಯ ಪರಾಗ ಹಾಕಿದೆ. ಈ ದಿಕ್ಕಲ್ಲೇ ಮಾಡಿ, ಯಾಕಂದ್ರೆ ಎಫ್1ಲಿ, ಅಂದ್ರೆ ಕ್ರಾಸಿನ ಮೊದಲ ತಲೆಮಾರಲ್ಲಿ, ಹೂವು ಅರಳಿದ ಗಿಡ ನಿಜವಾದ ಕ್ರಾಸು, ಮುಚ್ಚೇ ಇದ್ರೆ ಅದು ತಾಯಿದೇ ಪರಾಗ ತಗೊಂಡಿದೆ ಅಂತ, ಕಿತ್ತು ಬಿಸಾಕಬೋದು, ಡಿಎನ್ಎ ಟೆಸ್ಟ್ ಖರ್ಚೂ ಉಳಿಯತ್ತೆ. ಪರಾಗಕೋಶ ಇನ್ನೂ ಹಳದಿ ಆಗದಿರೋ ಮೊಗ್ಗು ಆರಿಸಿ ಹತ್ತೂ ಕೇಸರ ತೆಗೀಬೇಕು, ಒಂದು ಉಳಿದ್ರೂ ಕೆಲಸ ಕೆಡತ್ತೆ.

ಎಫ್1 ಗಿಡಗಳಿಗೆ ನೈಲಾನ್ ಬಲೆ ಕಟ್ಟಿ ಸೆಲ್ಫ್ ಮಾಡಿಸಿದೆ, ಅಂದ್ರೆ ತಮ್ಮದೇ ಪರಾಗದಿಂದ ಕಾಯಿ ಕಟ್ಟಿಸಿದೆ. ಮುಂದಿನ ತಲೆಮಾರು ಎಫ್2ಲಿ ಮೂರು ಅರಳಿದ್ದಕ್ಕೆ ಒಂದು ಮುಚ್ಚಿದ್ದು ಬರ್ಬೇಕು, ಹೆಚ್ಚುಕಮ್ಮಿ ಹಂಗೇ ಬಂತು, ಎಣಿಕೆ ಆ ಲೆಕ್ಕಕ್ಕೆ ಹೊಂದತ್ತಾ ಅಂತ ನೋಡೋ ಕೈ-ಸ್ಕ್ವೇರ್ 3.84ರ ಮಿತಿಗಿಂತ ಕೆಳಗೇ ಇತ್ತು, ಅದನ್ನ ನೋಡಿದಾಗ ಆದ ಖುಷಿ ಹೇಳೋಕಾಗಲ್ಲ! ಆದ್ರೆ ಎಣಿಸೋದು ಮಾತ್ರ ಅರ್ಜೆಂಟಲ್ಲಿ ಆಗೋ ಕೆಲಸ ಅಲ್ಲ. ನಾಳೆ ಅರಳೋ ಮೊಗ್ಗೂ ಇವತ್ತು ಮುಚ್ಚಿದ ಹೂವಿನ ಥರನೇ ಕಾಣತ್ತೆ, ಅದಕ್ಕೆ ಪ್ರತಿ ಗಿಡದಲ್ಲೂ ಕೆಲವು ಮೊಗ್ಗಿಗೆ ದಾರ ಕಟ್ಟಿ, ಸುತ್ಕೊಂಡಿರೋ ದಳದೊಳಗಿಂದ ಎಳೆಗಾಯಿ ಇಣುಕಿದ ಮೇಲೇ ಬರ್ಕೊತಿದ್ದೆ.

ಈಗ ಆ ಗುಣನ್ನ ಮಾರುತಿಗೇ ಸೇರಿಸೋ ಬ್ಯಾಕ್‌ಕ್ರಾಸ್, ಅಂದ್ರೆ ಮತ್ತೆ ಮತ್ತೆ ಮಾರುತಿ ಜೊತೆಗೇ ಕ್ರಾಸ್ ಮಾಡೋದು, ನಡೀತಿದೆ. ರಿಸೆಸಿವ್ ಆಗಿರೋದ್ರಿಂದ ಬ್ಯಾಕ್‌ಕ್ರಾಸ್ ಮಾಡಿದ ಗಿಡ ಎಲ್ಲವೂ ಅರಳ್ತವೆ, ಜೀನ್ ಯಾವುದ್ರಲ್ಲಿದೆ ಅಂತ ತಿಳಿಯೋಕೆ ಪ್ರತಿ ಸಲ ಒಂದು ತಲೆಮಾರು ಸೆಲ್ಫ್ ಮಾಡಿ ಕಾಯ್ಲೇಬೇಕು.