ಡಾಕ್ಟರು ಬರುವ ಮೊದಲು ದನವನ್ನು ಹೇಗೆ ಕಟ್ಟಬೇಕು

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಊರೂರಿಗೆ ಬಂದು ಕಾಲುಬಾಯಿ ಬೇನೆಯ ಲಸಿಕೆ ಹಾಕುವ ದಿನ, ಕಲಬುರಗಿ, ಬೀದರ್ ಅಥವಾ ಯಾದಗಿರಿ ಜಿಲ್ಲೆಯ ಯಾವುದೇ ಊರಿನ ಅಗಸಿಯ ಮುಂದೆ ನಿಂತು ನೋಡಿ. ಸೂಜಿ ಚುಚ್ಚಿ ತೆಗೆಯಲು ಮೂರ್ನಾಲ್ಕು ಸೆಕೆಂಡು ಸಾಕು. ದನವನ್ನು ನಿಲ್ಲಿಸಲು ಹತ್ತು ನಿಮಿಷ ಹಿಡಿಯುತ್ತದೆ. ಒದೆತ, ತಿವಿತ, ಹರಿದ ಮೂಗು, ಜಾರಿಬಿದ್ದು ಉಳುಕಿದ ಸೊಂಟ ಎಲ್ಲವೂ ಆ ಹತ್ತು ನಿಮಿಷದಲ್ಲಿಯೇ ಆಗುತ್ತವೆ. ಪಶುವೈದ್ಯನಾಗಿ ನಾನು ಕಂಡಂತೆ ಈ ಗಾಯಗಳಲ್ಲಿ ಹೆಚ್ಚಿನವಕ್ಕೆ ದನದ ಸಿಟ್ಟು ಕಾರಣವಲ್ಲ, ತಪ್ಪು ಜಾಗಕ್ಕೆ ಬಿದ್ದ ಹಗ್ಗ ಮತ್ತು ಬೇಕೆಂದಾಗ ಬಿಚ್ಚದ ಗಂಟು ಕಾರಣ.

ಮೊದಲು ಹೊತ್ತು ಮತ್ತು ಜಾಗವನ್ನು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ, ತುರ್ತಿಲ್ಲದ ಕೆಲಸವನ್ನು ಮುಂಜಾನೆಯೇ ಮುಗಿಸುವುದು ಒಳ್ಳೆಯದು. ಎಮ್ಮೆಯ ವಿಷಯದಲ್ಲಂತೂ ಇದನ್ನು ತಪ್ಪಿಸಬಾರದು. ಅದರ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ, ಬೆವರಿನ ಗ್ರಂಥಿಗಳೂ ಆಕಳಿಗಿಂತ ಕಡಿಮೆ. ಗುದ್ದಾಡಿ ದಣಿದ ಎಮ್ಮೆ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಹಿಡಿದ ಕೆಲಸವನ್ನು ಅಲ್ಲಿಗೇ ಬಿಟ್ಟು, ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯಬೇಕು. ಶಹಾಬಾದ್ ಫರ್ಸಿ ಹಾಸಿದ ಅಂಗಳ ನೋಡಲು ಚೆಂದವಾದರೂ ಸಗಣಿ, ಗಂಜಲ ಬಿದ್ದಾಗ ಗೊರಸು ನಿಲ್ಲುವುದಿಲ್ಲ. ಅದರ ಬದಲು ಒಣಗಿದ ಮಣ್ಣಿನ ನೆಲವನ್ನು ಆರಿಸಿ, ಕಲ್ಲು, ಕೂಳೆ, ಗೂಟದ ತುದಿಗಳನ್ನು ತೆಗೆದುಬಿಡಿ.

ಎರಡನೆಯದು ಹತ್ತಿರ ಹೋಗುವ ರೀತಿ. ದನದ ಕಣ್ಣುಗಳು ತಲೆಯ ಎರಡೂ ಬದಿಗೆ ಇರುವುದರಿಂದ ಅದಕ್ಕೆ ಸುತ್ತಲಿನ ಬಹುಪಾಲು ಕಾಣುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದಿನ ಜಾಗ ಮತ್ತು ಮೂತಿಯ ಮುಂದಿನ ಸ್ವಲ್ಪ ಭಾಗ. ಆದ್ದರಿಂದ ಹೆಗಲಿನ ಬದಿಯಿಂದ, ದನಕ್ಕೆ ಗುರುತಿರುವ ದನಿಯಲ್ಲಿ ಮಾತನಾಡುತ್ತ, ಸಾಧ್ಯವಾದರೆ ದಿನಾಲೂ ಮೇವು ಹಾಕುವವರೇ ಮೊದಲು ಹೋಗಿ ಬೆನ್ನ ಮೇಲೆ ಕೈ ಇಡಬೇಕು. ಮುಂದಕ್ಕೆ ನಡೆಸಬೇಕಾದರೆ ಹೆಗಲಿಗಿಂತ ಹಿಂದೆ ನಿಲ್ಲಬೇಕು, ಹಿಂದಕ್ಕೆ ಸರಿಸಬೇಕಾದರೆ ಹೆಗಲಿಗಿಂತ ಮುಂದೆ. ಇಷ್ಟು ತಿಳಿದಿದ್ದರೆ ಪಶು ಆಸ್ಪತ್ರೆಯ ಟ್ರೆವಿಸ್‌ನೊಳಗೆ, ಅಂದರೆ ದನವನ್ನು ಅಲುಗದಂತೆ ನಿಲ್ಲಿಸುವ ಕಂಬಗಳ ಚೌಕಟ್ಟಿನೊಳಗೆ, ಅದನ್ನು ಬಡಿಗೆಯಿಲ್ಲದೆ ಹೊಗಿಸಬಹುದು. ಕುದುರೆ ಒದ್ದರೆ ನೇರ ಹಿಂದಕ್ಕೆ; ಆಕಳು ಕಾಲನ್ನು ಮೊದಲು ಮುಂದಕ್ಕೆ ಎತ್ತಿ, ಕುಡುಗೋಲು ಬೀಸಿದಂತೆ ಹೊರಗೆ ಬೀಸುತ್ತದೆ. ಹೀಗಾಗಿ ಪಕ್ಕದಲ್ಲಿ ಒಂದೆರಡು ಮೊಳ ದೂರ ನಿಂತವರಿಗೇ ಪೆಟ್ಟು ಜೋರು. ಒಂದೋ ಮೈಗೆ ಮೈ ತಾಗಿಸಿ ನಿಲ್ಲಿ, ಇಲ್ಲವೇ ಕಾಲಿಗೆ ಸಿಗದಷ್ಟು ದೂರ ಇರಿ.

ಇನ್ನು ಹಗ್ಗದ ಮಾತು. ಪ್ಲಾಸ್ಟಿಕ್ ಹಗ್ಗ ಅಗ್ಗವಾದರೂ ಎಳೆದಾಟದಲ್ಲಿ ದನದ ಚರ್ಮವನ್ನೂ ನಿಮ್ಮ ಅಂಗೈಯನ್ನೂ ಸುಡುತ್ತದೆ. ಹೆಬ್ಬೆರಳ ಗಾತ್ರದ ನೂಲಿನ ಹಗ್ಗವೇ ಸರಿ. ಕೊರಳಿಗೆ ಜೀರುಗುಣಿಕೆಯನ್ನು ಎಂದೂ ಹಾಕಬಾರದು, ಏಕೆಂದರೆ ದನ ಎಳೆದಷ್ಟೂ ಅದು ಬಿಗಿಯಾಗಿ ಉಸಿರು ಕಟ್ಟಿಸುತ್ತದೆ. ಗೂಟಕ್ಕೋ ಕಂಬಕ್ಕೋ ಕಟ್ಟುವಾಗ ಹಗ್ಗವನ್ನು ಒಂದು ಸುತ್ತು ತಂದು, ತುದಿಯನ್ನು ಪೂರ್ತಿ ತೂರಿಸದೆ ಮಡಿಚಿ ತೂರಿಸಿ ಬಿಗಿಯಬೇಕು. ಪೈಜಾಮದ ಲಾಡಿಗೆ ಹಾಕುವ ಗಂಟಿನ ಹಾಗೆ, ದನ ಎಷ್ಟು ಜಗ್ಗಿದರೂ ಅದು ನಿಲ್ಲುತ್ತದೆ, ನೀವು ತುದಿ ಹಿಡಿದು ಎಳೆದರೆ ಒಂದೇ ಏಟಿಗೆ ಬಿಚ್ಚುತ್ತದೆ. ಗಂಟು ದನದ ಎದೆಯ ಎತ್ತರಕ್ಕಿರಲಿ. ಹಗ್ಗ ಕೆಳಗೆ ಜೋತುಬಿದ್ದರೆ ಮುಂಗಾಲು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಹಿಡಿಯುವುದಂತೂ ಬೆರಳು ಕಳೆದುಕೊಳ್ಳುವ ದಾರಿ.

ಮೂಗುದಾರವನ್ನು ಕೈಯಲ್ಲಿ ಹಿಡಿಯಬಹುದು, ಕಂಬಕ್ಕೆ ಕಟ್ಟಬಾರದು. ನೌಕರಿಯ ಹೊಸತರಲ್ಲಿ ಆಳಂದ ತಾಲ್ಲೂಕಿನ ಒಂದು ಊರಿಗೆ ಕುಂಟುವ ಎತ್ತನ್ನು ನೋಡಲು ಹೋಗಿದ್ದೆ. ಮನೆಯವರು ಅದನ್ನು ಮೂಗುದಾರದಿಂದಲೇ ಬೇವಿನ ಮರಕ್ಕೆ ಕಟ್ಟಿದ್ದರು. ತಪ್ಪೆಂದು ಗೊತ್ತಿದ್ದೂ, ಇನ್ನೂ ಎರಡು ಊರು ಬಾಕಿ ಇದ್ದುದರಿಂದ, ನಾನು ಸುಮ್ಮನಾದೆ. ಬದಿಯಲ್ಲಿ ಟ್ರ್ಯಾಕ್ಟರ್ ಹಾದುಹೋಯಿತು, ಎತ್ತು ಬೆಚ್ಚಿ ಹಿಂದಕ್ಕೆ ಜಗ್ಗಿತು, ಮೂಗಿನ ಹೊಳ್ಳೆ ಹರಿಯಿತು. ಕಾಲಿಗೆ ಮದ್ದು ಹಾಕಲು ಹೋದ ನಾನು ಮೂಗಿಗೆ ಹೊಲಿಗೆ ಹಾಕಿ ಬಂದೆ. ಕಟ್ಟುವುದಾದರೆ ಕೊರಳ ಕಣ್ಣಿಯನ್ನೋ, ಕೋಡಿನ ಹಿಂದಿನಿಂದ ಬಂದು ಮೂತಿಯನ್ನು ಬಳಸುವ ಮುಖದ ಹಗ್ಗವನ್ನೋ ಕಟ್ಟಬೇಕು.

ನಿಂತಲ್ಲಿಯೇ ಮಾಡುವ ಚಿಕಿತ್ಸೆಗೆ ಇಷ್ಟೇ ಸಾಕಾಗುತ್ತದೆ. ದೇವಣಿ ತಳಿಯ ದನಗಳು ಬಹುಮಟ್ಟಿಗೆ ಸಾಧು ಸ್ವಭಾವದವಾದ್ದರಿಂದ ಒಬ್ಬರು ತಲೆ ಹಿಡಿದರೆ ಸೂಜಿ ಹಾಕಿಸಿಕೊಳ್ಳುತ್ತವೆ. ಒದೆಯುವ ದನಕ್ಕೆ ಹಿಂಗಾಲುಗಳ ಮೊಣಕೀಲಿನ ಮೇಲೆ ಎಂಟರ ಅಂಕಿಯಂತೆ ಹಗ್ಗ ಸುತ್ತಬಹುದು, ಅಥವಾ ಬಾಲವನ್ನು ಬುಡದಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಬಹುದು. ಬಾಲದ ತುದಿ ಹಿಡಿದು ತಿರುಚುವ ಹಳೆಯ ಚಾಳಿಯಿಂದ ಬಾಲದ ಎಲುಬು ಮುರಿಯುತ್ತದೆ.

ಬಾಯಿಯೊಳಗೆ ಔಷಧ ಹಾಕುವಾಗ ಎರಡು ಅಪಾಯಗಳಿವೆ. ಹೊಟ್ಟೆಯುಬ್ಬರಕ್ಕೆಂದು ಗೊಟ್ಟದಲ್ಲಿಯೋ ಸೀಸೆಯಲ್ಲಿಯೋ ಕುಸುಬೆ ಎಣ್ಣೆ ಕುಡಿಸುವವರು ಮೂತಿಯನ್ನು ಆಕಾಶಕ್ಕೆತ್ತಿ, ನಾಲಿಗೆ ಹೊರಗೆಳೆದು ಒಮ್ಮೆಲೇ ಸುರಿಯುತ್ತಾರೆ. ನಾಲಿಗೆ ಎಳೆದಾಗ ದನಕ್ಕೆ ನುಂಗಲು ಬರುವುದಿಲ್ಲ, ಎಣ್ಣೆ ಪುಪ್ಪುಸಕ್ಕೆ ಇಳಿಯುತ್ತದೆ. ಉಬ್ಬರದಿಂದ ಬದುಕುತ್ತಿದ್ದ ದನ ಮೂರ್ನಾಲ್ಕು ದಿನಗಳಲ್ಲಿ ನ್ಯುಮೋನಿಯಾದಿಂದ ಸಾಯುವುದುಂಟು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ಗುಟುಕು ಗುಟುಕಾಗಿ ಹಾಕಬೇಕು, ಕೆಮ್ಮಿದರೆ ತಕ್ಷಣ ತಲೆಯನ್ನು ಬಿಡಬೇಕು. ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. ದನ ಜೊಲ್ಲು ಸುರಿಸುತ್ತ, ಮೇವು ನೀರು ಬಿಟ್ಟು, ಒಡಕು ದನಿಯಲ್ಲಿ ಪದೇ ಪದೇ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ತೂರಿಸಬೇಡಿ. ಹುಚ್ಚುನಾಯಿ ರೋಗವೂ ಹೀಗೆಯೇ ಕಾಣುತ್ತದೆ. ಗೊತ್ತಿಲ್ಲದೆ ಮುಟ್ಟಿದ್ದರೆ ಜೊಲ್ಲು ತಾಗಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ದನದ ವಿಷಯವನ್ನು 1962ಕ್ಕೆ ಕರೆ ಮಾಡಿ ತಿಳಿಸಬಹುದು.

ದನವನ್ನು ಕೆಡವುವುದು ಕೊನೆಯ ಉಪಾಯ. ಗಬ್ಬದ ದಿನಗಳು ತುಂಬುತ್ತಿರುವ ಆಕಳನ್ನಾಗಲಿ, ಹೊಟ್ಟೆ ತುಂಬ ಕಣಿಕೆ ತಿಂದ ಎತ್ತನ್ನಾಗಲಿ ಕೆಡವಬಾರದು. ಮೊದಲೇ ಗೊತ್ತಿದ್ದರೆ ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಬೇಕು. ಸುಮಾರು ಆರು ಮಾರು ಉದ್ದದ ಹಗ್ಗ ತೆಗೆದುಕೊಂಡು, ಕೊರಳಿಗೆ ಜಾರದ ಕುಣಿಕೆ ಹಾಕಿ, ಹಗ್ಗವನ್ನು ಬೆನ್ನ ಮೇಲೆ ತಂದು, ಮುಂಗಾಲ ಹಿಂದೆ ಎದೆಗೆ ಒಂದು ಸುತ್ತು, ಹಿಂಗಾಲ ಮುಂದೆ ಹೊಟ್ಟೆಗೆ ಇನ್ನೊಂದು ಸುತ್ತು ಹಾಕಬೇಕು. ಎರಡೂ ಸುತ್ತುಗಳು ಬೆನ್ನ ಮೇಲೆ ತಮ್ಮದೇ ಹಗ್ಗದ ಅಡಿಯಿಂದ ಹಾಯ್ದಿರಬೇಕು. ಹಿಂದಿನ ಸುತ್ತು ಆಕಳಲ್ಲಿ ಕೆಚ್ಚಲನ್ನು, ಹೋರಿಯಲ್ಲಿ ಮೂತ್ರದ ಭಾಗವನ್ನು ಒತ್ತಬಾರದು. ಒಬ್ಬರು ತಲೆಯನ್ನು ಬದಿಗೆ ತಿರುಗಿಸಿ ಹಿಡಿದಿರುವಾಗ ಇಬ್ಬರು ಹಗ್ಗವನ್ನು ನೇರ ಹಿಂದಕ್ಕೆ ಎಳೆಯಬೇಕು, ಜಗ್ಗಾಡಬಾರದು. ದನದ ಬೆನ್ನು ಬಾಗುತ್ತದೆ, ಹಿಂಗಾಲು ಮಡಿಯುತ್ತವೆ, ಯಾರೂ ತಳ್ಳದಿದ್ದರೂ ಅದು ತಾನಾಗಿ ಮಲಗುತ್ತದೆ. ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೆ ಬಲಮಗ್ಗುಲಿಗೆ ಮಲಗಿಸಿ, ಏಕೆಂದರೆ ದೊಡ್ಡ ಹೊಟ್ಟೆ ಇರುವುದು ಎಡಕ್ಕೆ. ಹೆಗಲ ಕೆಳಗೆ ಹುಲ್ಲಿನ ಹಾಸು ಇರಲಿ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಒತ್ತಿದರೆ ಮುಂಗಾಲಿನ ನರ ಸೋಲುತ್ತದೆ. ಮೂತಿ ತುಸು ತಗ್ಗಿನಲ್ಲಿದ್ದರೆ ಬಾಯಿಗೆ ಬಂದದ್ದು ಹೊರಗೆ ಹರಿದುಹೋಗುತ್ತದೆ.

ಕುರಿ, ಆಡುಗಳು ಸಣ್ಣವು, ಮಾತೂ ಸಣ್ಣದು. ಡೆಕ್ಕನಿ ಕುರಿಯನ್ನು ಉಣ್ಣೆ ಹಿಡಿದು ಎಳೆದರೆ ಚರ್ಮದ ಕೆಳಗೆ ರಕ್ತ ಕಂದುತ್ತದೆ. ಯಾದಗಿರಿ ಕಡೆಯ ಕೆಂಗುರಿಗೆ ಹಿಡಿಯಲು ಉಣ್ಣೆಯೇ ಇಲ್ಲ. ಎರಡಕ್ಕೂ ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಇರಲಿ. ನಾಯಿಯ ಮೂತಿಯನ್ನು ಬಟ್ಟೆಯ ಪಟ್ಟಿಯಿಂದ ಸುತ್ತಿ, ಗದ್ದದ ಕೆಳಗೆ ಹಾಯಿಸಿ, ಕಿವಿಗಳ ಹಿಂದೆ ಕಟ್ಟಬೇಕು. ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಇದು ಸಲ್ಲದು.

ಬಿಚ್ಚುವಾಗ ಮೊದಲು ಕಾಲಿನ ಹಗ್ಗ, ಆಮೇಲೆ ಮೈಯ ಹಗ್ಗ, ಕೊನೆಗೆ ತಲೆಯದು. ಕೆಡವಿದ ದನವನ್ನು ಒಮ್ಮೆಲೇ ಎಬ್ಬಿಸದೆ, ಎದೆಯ ಮೇಲೆ ಕೂರುವಂತೆ ಹೊರಳಿಸಿ ತೇಗು ಬರುವವರೆಗೆ ಬಿಡಬೇಕು. ಅದು ಹಿಂಗಾಲೂರಿ ಏಳುವ ಹೊತ್ತಿಗೆ ನೀವು ಅದರ ಮುಂದೆಯೂ ಇರಬಾರದು, ಕಾಲಿನ ಬದಿಗೂ ಇರಬಾರದು; ಬೆನ್ನಿನ ಕಡೆ ನಿಂತು, ಹಗ್ಗದ ತುದಿಯನ್ನು ಸಡಿಲವಾಗಿ ಹಿಡಿದಿರಿ.